ಡೊಂಬಿವಲಿಯಿಂದ ಉಡುಪಿಗೆ ಬೈಕ್: ಮೊದಲು ಬೆನ್ನು, ಆಮೇಲೆ ಬ್ಯಾಗು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೋಗುವುದೆಂದರೆ ಒಂದು ಕಾಲಕ್ಕೆ ರಾತ್ರಿ ಬಸ್ಸು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಮತ್ಸ್ಯಗಂಧ ಎಕ್ಸ್‌ಪ್ರೆಸ್. ಈಗ ಟಿಕೆಟ್ ತೆಗೆಯುವ ಹೊತ್ತಿಗೆ ಮನೆಯ ಮಗನೋ ಮಗಳೋ ‘ನಂಗೆ ಟಿಕೆಟ್ ಬೇಡ, ನಾನು ಬೈಕಲ್ಲೇ ಬರ್ತೇನೆ’ ಅನ್ನುವುದು ಹೊಸ ಮಾತಲ್ಲ. ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಡೊಂಬಿವಲಿಯಿಂದ ಉಡುಪಿಗೆ ಯಾವ ದಾರಿ ಹಿಡಿದರೂ ಸುಮಾರು 900 ಕಿಲೋಮೀಟರ್. ಗಾಬರಿಯಾಗದೆ ಏನು ಮಾಡಿಯಾರು? ಆದರೆ ಅವರು ಹೆದರುವುದು ಅಪಘಾತಕ್ಕೆ. ಅಪಘಾತಕ್ಕಿಂತ ಮೊದಲೇ ಬಂದು ಹಿಂದಿನ ಸೀಟಿನಲ್ಲಿ ಕೂರುವ ಆಯಾಸದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಈ ಹುಡುಗರ ಬಳಿ ಇರುವುದು ಹೆಚ್ಚಾಗಿ ನೇಕೆಡ್ ಬೈಕ್. ಅಂದರೆ ಎಂಜಿನ್ ಬಯಲಿಗೆ ಕಾಣುವ, ಮುಂದೆ ಗಾಳಿ ತಡೆಯುವ ಗಾಜಾಗಲಿ ಪ್ಲಾಸ್ಟಿಕ್ ಕವಚವಾಗಲಿ ಇಲ್ಲದ ಬೈಕು. ಪಲ್ಸರ್, ಎಫ್‌ಝಡ್, ಅಪಾಚೆ, ಡ್ಯೂಕ್, ಡೊಮಿನಾರ್, ಸ್ಪೀಡ್ 400 ಎಲ್ಲವೂ ಈ ಜಾತಿಯವೇ. ನಂಬರ್ ಪ್ಲೇಟು ಎಂಎಚ್ 04, 05 ಅಥವಾ 43. ವಾರದ ದಿನ ಅದರ ಕೆಲಸ ಮಹಾಪೆ, ಐರೋಲಿ, ವಾಶಿಯ ಆಫೀಸುಗಳಿಗೆ ಹೋಗಿಬರುವುದು, ಶೀಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಕಂಟೇನರ್ ಲಾರಿಗಳ ನಡುವೆ ನುಸುಳುವುದು. ಹಗುರ, ಸಪೂರ, ಬೇಕಾದಲ್ಲಿ ತಿರುಗುತ್ತದೆ. ಪೇಟೆಗೆ ಹೇಳಿಮಾಡಿಸಿದ ಈ ಗುಣಗಳೇ ಹೆದ್ದಾರಿಯಲ್ಲಿ ನಾಲ್ಕು ಗಂಟೆ ಕೂತ ಮೇಲೆ ಸವಾರನ ಕುತ್ತಿಗೆ, ಬೆನ್ನು, ಅಂಗೈಗಳ ಮೇಲೆ ಸೇಡು ತೀರಿಸಿಕೊಳ್ಳುತ್ತವೆ.

ಹಾಗೆಂದು ದೂರದ ಸವಾರಿಗೆ ಬೇರೆಯೇ ಬೈಕು ಕೊಳ್ಳಬೇಕಾಗಿಲ್ಲ. ಅಂಗಡಿಯಲ್ಲಿ ನೇತುಹಾಕಿದ ಸಾಮಾನನ್ನೆಲ್ಲ ತಂದು ಇರುವ ಬೈಕಿಗೆ ಸಿಕ್ಕಿಸಬೇಕಾಗಿಯೂ ಇಲ್ಲ. ಆಯಾಸ ಎಲ್ಲಿಂದ ಬರುತ್ತಿದೆ ಎಂದು ಮೊದಲು ಗುರುತಿಸಬೇಕು. ಅದಕ್ಕೆ ಐದು ಮೂಲಗಳಿವೆ: ಕೂರುವ ಭಂಗಿ, ಎದುರುಗಾಳಿ, ಸೀಟು, ನಡುಕ, ಹೊರೆ. ಒಂದೊಂದನ್ನೇ ಸರಿಮಾಡುತ್ತ ಹೋದರೆ ಖರ್ಚೂ ಕಡಿಮೆ, ಫಲವೂ ಖಚಿತ.

ಕಂಪನಿಯೇ ತೋರಿಸಿದ ದಾರಿ

ನೇಕೆಡ್ ಬೈಕನ್ನು ದೂರದ ಪಯಣಕ್ಕೆ ಅಣಿಗೊಳಿಸುವುದು ಹೇಗೆಂಬುದಕ್ಕೆ ಒಳ್ಳೆಯ ಪಾಠ ನಮ್ಮ ಪಕ್ಕದ ಚಾಕಣ್‌ನಲ್ಲೇ ಇದೆ. ಪುಣೆ ಬಳಿಯ ಈ ಕಾರ್ಖಾನೆಪಟ್ಟಣದಲ್ಲಿ ತಯಾರಾಗುವ ಬಜಾಜ್ ಡೊಮಿನಾರ್ 400 ಮಾರುಕಟ್ಟೆಗೆ ಬಂದದ್ದು 2016ರ ಡಿಸೆಂಬರ್‌ನಲ್ಲಿ. 373.3 ಸಿಸಿ ಎಂಜಿನ್, 13 ಲೀಟರ್ ಟ್ಯಾಂಕು, ಮುಂದೆ ಏನೂ ಇಲ್ಲದ ಬೋಳು ಬೈಕು. ಕೊಂಡವರು ಅದರಲ್ಲಿ ಲಡಾಖಿಗೂ ಕನ್ಯಾಕುಮಾರಿಗೂ ಹೊರಟು, ಗಾಜು, ಕ್ಯಾರಿಯರ್, ಬ್ಯಾಗಿನ ಸ್ಟ್ಯಾಂಡು ಎಂದು ತಾವೇ ಕಟ್ಟಿಕೊಳ್ಳತೊಡಗಿದರು. 2021ರ ಅಕ್ಟೋಬರ್‌ನಲ್ಲಿ ಕಂಪನಿಯೇ ಅವನ್ನು ಕಾರ್ಖಾನೆಯಲ್ಲಿ ಅಳವಡಿಸಿ ಕೊಡಲು ಶುರುಮಾಡಿತು: ಎತ್ತರದ ವೈಸರ್, ಕೈಗೆ ಹ್ಯಾಂಡ್‌ಗಾರ್ಡ್, ಎಂಜಿನ್ನಿನ ಅಡಿಗೆ ತಗಡು, ಲೆಗ್‌ಗಾರ್ಡ್, ಹಿಂದಿನವರಿಗೆ ಒರಗು ಇರುವ ಕ್ಯಾರಿಯರ್, ಬ್ಯಾಗು ಚಕ್ರಕ್ಕೆ ತಾಗದಂತೆ ಸ್ಯಾಡಲ್ ಸ್ಟೇ, ಫೋನಿಗೆ ಯುಎಸ್‌ಬಿ ಚಾರ್ಜರ್. ಎಂಜಿನ್ನಿನ ಶಕ್ತಿಗೆ ಈ ಪಟ್ಟಿಯಲ್ಲಿ ಏನೂ ಇಲ್ಲ ಎಂಬುದನ್ನು ಗಮನಿಸಬೇಕು. ಬಹುಪಾಲು ಗಾಳಿ, ಹೊರೆ ಮತ್ತು ರಕ್ಷಣೆಯದು.

ಇದೇ ಮಾದರಿಯ ಬೈಕುಗಳಲ್ಲಿ ಬೆಂಗಳೂರಿನ ಸವಾರ ದೀಪಕ್ ಕಾಮತ್ ಮತ್ತು ಇಬ್ಬರು ಜೊತೆಗಾರರು ಉತ್ತರ ಧ್ರುವವಲಯದಿಂದ ಅಮೆರಿಕ ಖಂಡಗಳ ಉದ್ದಕ್ಕೂ ದಕ್ಷಿಣದ ತುದಿಯವರೆಗೆ, ಅಲ್ಲಿಂದ ಅಂಟಾರ್ಕ್ಟಿಕಕ್ಕೆ ಹೋಗಿ ಬಂದರು. 99 ದಿನಗಳಲ್ಲಿ ಸುಮಾರು 51,000 ಕಿಲೋಮೀಟರ್. ಒಂದು ಸಿಲಿಂಡರಿನ ಬೈಕಿಗೆ ಅಷ್ಟು ದೂರ ಸಾಧ್ಯವಾದರೆ ಉಡುಪಿ, ಕುಂದಾಪುರ, ಹುಬ್ಬಳ್ಳಿಗಳಿಗೆ ನಿಮ್ಮ ಬೈಕಿನ ಎಂಜಿನ್ ಸಾಲದು ಎಂಬ ಚಿಂತೆ ಬೇಡ. ಸಾಲದೆ ಬರುವುದು ಮೈ.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎನ್ನುವ ಹಿರಿಯರೂ ಇದ್ದಾರೆ. ನಿಜವೇ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳೂ ಮುಂದೆ ಗಾಜಿಲ್ಲದ ಬೈಕುಗಳೇ. ಅವುಗಳಲ್ಲಿ ಊರೂರು ಸುತ್ತಿದವರಿಗೆ ಬೆನ್ನು ನೇರ ಇಡುವ ಹ್ಯಾಂಡಲ್ ಇತ್ತು, ಚಪ್ಪಟೆಯಾದ ಅಗಲದ ಸೀಟಿತ್ತು, ಮುಖ್ಯವಾಗಿ ಆಗಿನ ರಸ್ತೆಯಲ್ಲಿ ಗಂಟೆಗೆ ಐವತ್ತು ಅರವತ್ತರ ಮೇಲೆ ಹೋಗುವ ಪ್ರಮೇಯವೇ ಕಡಿಮೆ ಇತ್ತು. ಇಂದಿನ ನೇಕೆಡ್ ಬೈಕು ಸವಾರನನ್ನು ಮುಂದಕ್ಕೆ ಬಾಗಿಸುತ್ತದೆ, ಸೀಟು ಕಿರಿದು, ವೇಗ ನೂರು. ಕಷ್ಟ ಹುಟ್ಟಿದ್ದು ಇಲ್ಲಿ.

ದುಡ್ಡಿಲ್ಲದೆ ಆಗುವ ಕೆಲಸ

ಮೊದಲ ಕೆಲಸಕ್ಕೆ ಪೈಸೆ ಖರ್ಚಿಲ್ಲ. ಬೈಕಿನ ಜೊತೆ ಬಂದ ಸ್ಪ್ಯಾನರುಗಳು ಸಾಕು. ಸೀಟು, ಹ್ಯಾಂಡಲ್, ಕಾಲಿಡುವ ಫುಟ್‌ರೆಸ್ಟ್ ಈ ಮೂರರ ನಡುವಿನ ಅಂತರವೇ ನಿಮ್ಮ ಭಂಗಿಯನ್ನು ತೀರ್ಮಾನಿಸುತ್ತದೆ. ಶೋರೂಮಿನಿಂದ ಬರುವಾಗ ಅದು ಯಾರೋ ಸರಾಸರಿ ಮೈಕಟ್ಟಿನವರಿಗೆ ಹೊಂದಿಸಿರುತ್ತದೆ, ನಿಮಗಲ್ಲ.

ಬೈಕನ್ನು ನೇರ ನಿಲ್ಲಿಸಿ ಕೂತುಕೊಳ್ಳಿ. ಕಣ್ಣುಮುಚ್ಚಿ ಕೈಗಳನ್ನು ಹ್ಯಾಂಡಲ್ ಮೇಲೆ ಬಿಡಿ. ಬೆರಳು ಚಾಚಿದರೆ ಮುಂಗೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಲ್ಲಿ ಕ್ಲಚ್ಚು, ಬ್ರೇಕಿನ ಲಿವರುಗಳು ಸಿಗಬೇಕು. ಅವು ಮೇಲಿದ್ದರೆ ಮಣಿಕಟ್ಟು ಹಿಂದಕ್ಕೆ ಮಡಿಯುತ್ತದೆ. ಸಂಜೆಗೆ ನೋಯುವುದು ಅದೇ. ಲಿವರಿನ ಬೋಲ್ಟ್ ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಿದರೆ ಮುಗಿಯಿತು. ಗೇರ್ ಪೆಡಲ್ಲನ್ನೂ ಹಿಂದಿನ ಬ್ರೇಕಿನ ಪೆಡಲ್ಲನ್ನೂ ನೀವು ಹಾಕುವ ಬೂಟಿಗೆ ಸರಿಯಾಗಿ ಏರಿಸಿ ಇಳಿಸಬಹುದು. ಚಪ್ಪಲಿಯಲ್ಲಿ ಆಫೀಸಿಗೆ ಹೋಗುವಾಗ ಸರಿಯಿದ್ದ ಪೆಡಲ್ ದಪ್ಪ ಬೂಟಿಗೆ ಸಿಗುವುದಿಲ್ಲ.

ಮೊಣಕೈ ಕೊಂಚ ಬಾಗಿರಬೇಕು, ಭುಜ ಕಿವಿಯ ಕಡೆಗೆ ಏರಿರಬಾರದು. ಹ್ಯಾಂಡಲ್ ಹಿಡಿಯಲು ಎದೆ ಮುಂದಕ್ಕೆ ಚಾಚಬೇಕಾಗಿ ಬಂದರೆ ಮಾತ್ರ ಹ್ಯಾಂಡಲ್ ರೈಸರ್ ಯೋಚಿಸಿ. ಎರಡರಿಂದ ಮೂರು ಸೆಂಟಿಮೀಟರ್ ಎತ್ತರಿಸಿದರೂ ಬೆನ್ನಿಗೆ ದೊಡ್ಡ ವ್ಯತ್ಯಾಸ. ರೈಸರ್ ಹಾಕಿದ ಮೇಲೆ ಎರಡೂ ಕಡೆ ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿ ನೋಡಬೇಕು: ಕ್ಲಚ್ ಕೇಬಲ್, ಬ್ರೇಕಿನ ಹೋಸ್, ವೈರುಗಳು ಎಳೆದು ಬಿಗಿಯಾಗುತ್ತಿವೆಯೇ? ತಿರುಗಿಸಿದಾಗ ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಅಂಥ ರೈಸರ್ ತೆಗೆದುಬಿಡಿ. ಘಾಟಿಯ ತಿರುವಿನಲ್ಲಿ ಅದು ಜೀವಕ್ಕೆ ಬರುತ್ತದೆ.

ಗಾಳಿಯ ಲೆಕ್ಕ

ಎದುರುಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಅರವತ್ತರಲ್ಲಿ ಎದೆಗೆ ಬೀಳುವ ಒತ್ತಡ ನೂರಕ್ಕೆ ಏರಿದಾಗ ಹತ್ತಿರಹತ್ತಿರ 2.8 ಪಟ್ಟು. ಗಾಜಿಲ್ಲದ ಬೈಕಿನಲ್ಲಿ ಅದನ್ನು ತಡೆಯುವುದು ನಿಮ್ಮ ತೋಳು ಮತ್ತು ಕುತ್ತಿಗೆ. ಪುಣೆ ದಾಟುವ ಹೊತ್ತಿಗೇ ಭುಜ ಕಲ್ಲಾಗುವುದು ಇದರಿಂದ.

ಪರಿಹಾರಕ್ಕೆ ಎಲ್ಲರೂ ಎತ್ತರದ ವೈಸರ್ ತರುತ್ತಾರೆ. ಕೆಲವರಿಗೆ ಮೊದಲಿಗಿಂತ ಹೆಚ್ಚು ತಲೆನೋವು ಶುರುವಾಗುತ್ತದೆ. ಕಾರಣ ಸರಳ. ಗಾಜಿನ ಮೇಲಂಚನ್ನು ದಾಟಿ ಬರುವ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿ ನೇರ ಹೆಲ್ಮೆಟ್ಟಿಗೆ ಬಡಿದರೆ ತಲೆ ಅಲ್ಲಾಡಿದಂತಾಗುತ್ತದೆ, ಸದ್ದು ಹೆಚ್ಚಾಗುತ್ತದೆ. ಗಾಳಿ ಎದೆಯನ್ನು ಬಿಟ್ಟು ಹೆಲ್ಮೆಟ್ಟಿಗೆ ನಯವಾಗಿ ಬಂದರೆ ಒಳ್ಳೆಯದು, ಇಲ್ಲವೇ ಹೆಲ್ಮೆಟ್ಟಿನ ಮೇಲಿಂದಲೇ ಹೋಗಬೇಕು, ನಡುವಿನದು ಕೆಟ್ಟದ್ದು. ಪರೀಕ್ಷೆ ಸುಲಭ. ಖಾಲಿ ನೇರ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನೋಡಿ, ಆಮೇಲೆ ಸ್ವಲ್ಪ ಬಾಗಿ ನೋಡಿ. ಎದ್ದಾಗ ಸದ್ದು ನಿಂತರೆ ಗಾಜು ತಗ್ಗಿಸಬೇಕು, ಬಾಗಿದಾಗ ನಿಂತರೆ ಎತ್ತರಿಸಬೇಕು. ರಸ್ತೆಯನ್ನು ಗಾಜಿನ ಮೂಲಕವಲ್ಲ, ಅದರ ಮೇಲಂಚಿನ ಆಚೆಗೆ ನೋಡುವಂತಿರಬೇಕು. ಕೊಂಕಣದ ಮಳೆಯಲ್ಲಿ, ಎದುರು ಲಾರಿಯ ದೀಪದಲ್ಲಿ, ಗೀರು ಬಿದ್ದ ಪ್ಲಾಸ್ಟಿಕ್ಕಿನ ಮೂಲಕ ಏನೂ ಕಾಣುವುದಿಲ್ಲ.

ಸದ್ದೂ ಆಯಾಸವೇ. ನೂರರ ವೇಗದಲ್ಲಿ ಹೆಲ್ಮೆಟ್ಟಿನ ಒಳಗೆ ಗಾಳಿಯ ಸದ್ದು 90 ಡೆಸಿಬೆಲ್ ದಾಟುತ್ತದೆ. ಗಂಟೆಗಟ್ಟಲೆ ಕೇಳಿದರೆ ಕಿವಿಗೂ ಹಾನಿ, ತಲೆಗೂ ಭಾರ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮಿನ ಇಯರ್‌ಪ್ಲಗ್ ಹಾಕಿಕೊಂಡರೆ ಗಾಳಿಯ ಅಬ್ಬರ ಇಳಿಯುತ್ತದೆ, ಹಾರನ್ ಕೇಳಿಸುತ್ತದೆ. ಸಾವಿರಾರು ರೂಪಾಯಿಯ ಗಾಜಿಗಿಂತ ಮೊದಲು ಈ ಅಗ್ಗದ ಉಪಾಯ ಮಾಡಿನೋಡಿ. ಮುಂದೆ ಉದ್ದ ಚಾಚು ಇರುವ ಆಫ್‌ರೋಡ್ ಹೆಲ್ಮೆಟ್ ನೇಕೆಡ್ ಬೈಕಿಗೆ ಹೊಂದುವುದಿಲ್ಲ. ಗಾಳಿ ಆ ಚಾಚನ್ನು ಹಿಡಿದು ಕುತ್ತಿಗೆಯನ್ನು ಮೇಲಕ್ಕೆ ಎಳೆಯುತ್ತದೆ.

ಇನ್ನೊಂದು ಉಪಾಯಕ್ಕೆ ಅಂಗಡಿಯೇ ಬೇಡ. ವೇಗವನ್ನು ನೂರರಿಂದ ಎಂಬತ್ತೈದಕ್ಕೆ ಇಳಿಸಿ. ಗಾಳಿಯ ಒತ್ತಡ ಕಾಲುಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. 900 ಕಿಲೋಮೀಟರಿಗೆ ಕಾಗದದ ಮೇಲೆ ನೂರರಲ್ಲಿ 9 ಗಂಟೆ, ಎಂಬತ್ತೈದರಲ್ಲಿ 10.6 ಗಂಟೆ. ಎರಡು ದಿನಕ್ಕೆ ಹಂಚಿದರೆ ದಿನಕ್ಕೆ ಒಂದು ಗಂಟೆಯೂ ನಷ್ಟವಿಲ್ಲ. ಆ ಸಮಯವನ್ನು ಹೇಗೂ ಬೆನ್ನು ನೀವಿಕೊಳ್ಳುತ್ತ ಢಾಬಾದಲ್ಲಿ ಕಳೆಯುತ್ತೀರಿ.

ಸೀಟು ಮತ್ತು ನಡುಕ

ಸೀಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಳೆಯದು: ಮೆತ್ತಗಿದ್ದಷ್ಟೂ ಒಳ್ಳೆಯದು. ಸೋಫಾದಂಥ ಸೀಟು ಮೊದಲ ಅರ್ಧ ಗಂಟೆ ಹಿತವಾಗಿರುತ್ತದೆ. ಆಮೇಲೆ ಫೋಮು ಕುಸಿದು ಕೂರುವ ಎರಡು ಮೂಳೆಗಳು ಕೆಳಗಿನ ಪ್ಲಾಸ್ಟಿಕ್ ತಳಕ್ಕೆ ತಾಗುತ್ತವೆ. ಬೇಕಾದದ್ದು ಗಟ್ಟಿ ಫೋಮು, ಅಗಲವಾದ ಹಿಂಭಾಗ, ಮುಂದಕ್ಕೆ ಜಾರದ ಸಮತಟ್ಟು. ನೇಕೆಡ್ ಬೈಕುಗಳ ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿರುವುದರಿಂದ ಬ್ರೇಕು ಹಾಕಿದಾಗಲೆಲ್ಲ ಸವಾರ ಮುಂದೆ ಜಾರಿ, ಭಾರವನ್ನು ಅಂಗೈಯಲ್ಲಿ ತಡೆಯುತ್ತಾನೆ. ಅಂಗೈ ನೋವಿಗೆ ಎಷ್ಟೋ ಸಲ ಕಾರಣ ಹ್ಯಾಂಡಲ್ ಅಲ್ಲ, ಸೀಟು.

ಸೀಟನ್ನು ಬಿಚ್ಚಿ ತೆಗೆದುಕೊಂಡು ಹೋದರೆ ಸೀಟ್ ಕವರ್ ಹೊಲಿಯುವವರು ಫೋಮು ಕೆತ್ತಿ, ಸೇರಿಸಿ, ಹೊಸ ರೆಗ್ಜಿನ್ ಹೊದಿಸಿ ಕೊಡುತ್ತಾರೆ. ಕಲ್ಯಾಣದ ಪಕ್ಕದ, ಫರ್ನಿಚರ್ ಬಜಾರಿಗೆ ಹೆಸರಾದ ಉಲ್ಲಾಸನಗರದ ಕಡೆ ಕುಶನ್ ಕೆಲಸದವರಿಗೆ ಬರವಿಲ್ಲ. ಅವರಿಗೆ ‘ಮೆತ್ತಗೆ ಮಾಡಿ’ ಎನ್ನಬೇಡಿ. ‘ಗಟ್ಟಿ ಫೋಮು, ಮುಂಭಾಗ ಸಪಾಟು, ಹಿಂದೆ ಅಗಲ, ಎತ್ತರ ಹೆಚ್ಚಿಸಬೇಡಿ’ ಎನ್ನಿ. ಎತ್ತರ ಹೆಚ್ಚಾದರೆ ಟ್ರಾಫಿಕ್ಕಿನಲ್ಲಿ ಕಾಲು ನೆಲಕ್ಕೆ ಎಟಕುವುದಿಲ್ಲ. ಹೊಲಿಗೆಯ ತೂತುಗಳಿಂದ ಮಳೆನೀರು ಫೋಮಿಗೆ ಇಳಿಯದಂತೆ ಒಳಗೊಂದು ಪ್ಲಾಸ್ಟಿಕ್ ಹಾಳೆ ಹಾಕಿಸಿ. ಸೀಟು ಬಿಚ್ಚಲು ಮನಸ್ಸಿಲ್ಲದವರು ಗಾಳಿ ತುಂಬುವ ಕುಶನ್ ಅಥವಾ ಗಾಳಿಯಾಡುವ ಜಾಲರಿ ಕವರ್ ತರಬಹುದು. ಗಾಳಿ ಕುಶನ್ನಿಗೆ ಪೂರ್ತಿ ಊದಬಾರದು. ಕೂತಾಗ ಸೀಟಿನಿಂದ ಒಂದು ಬೆರಳಿನಷ್ಟು ಎತ್ತಿದರೆ ಸಾಕು. ಬೆವರಿಗೆ ಜೀನ್ಸಿನ ದಪ್ಪ ಹೊಲಿಗೆಯೂ ಸೇರಿದರೆ ತೊಡೆ ಕೆಂಪಾಗುವುದು ಖಂಡಿತ. ಸೈಕಲ್ ಸವಾರರ ಪ್ಯಾಡ್ ಇರುವ ಒಳಚಡ್ಡಿ ಹಾಕಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಒಂದು ಸಿಲಿಂಡರಿನ ಬೈಕಿನಲ್ಲಿ ನಡುಕ ಇದ್ದೇ ಇರುತ್ತದೆ. ಆದರೆ ಪ್ರತಿ ಎಂಜಿನ್ನಿಗೂ ನಯವಾಗಿ ತಿರುಗುವ ಒಂದು ಹದವಿರುತ್ತದೆ. ಮೇಲಿನ ಗೇರಿನಲ್ಲಿ ಎಷ್ಟು ವೇಗಕ್ಕೆ ಕನ್ನಡಿ ಸ್ಪಷ್ಟವಾಗಿ ಕಾಣುತ್ತದೋ ಅದೇ ಆ ಹದ. ಪಯಣದುದ್ದಕ್ಕೂ ಅಲ್ಲೇ ಇರಿ. ಬೆರಳು ಜುಮ್ಮೆಂದರೆ ಹೊಸ ಗ್ರಿಪ್ ಕೊಳ್ಳುವ ಮೊದಲು ಎಂಜಿನ್ ಬೋಲ್ಟುಗಳು ಬಿಗಿಯಾಗಿವೆಯೇ, ಹ್ಯಾಂಡಲಿನ ತುದಿಯ ಭಾರದ ಗುಂಡುಗಳು ಜಾಗದಲ್ಲಿವೆಯೇ, ಚೈನು ಒಣಗಿದೆಯೇ ನೋಡಿ. ಒಣ ಚೈನು ಅರ್ಧ ನಡುಕಕ್ಕೆ ಮೂಲ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದರೆ ಕೈಯ ಬಿಗಿ ತಾನೇ ಸಡಿಲುತ್ತದೆ. ಹ್ಯಾಂಡಲ್ಲನ್ನು ತಿರುಗಿಸಲು ಹಿಡಿಯಬೇಕು, ಜೋತುಬೀಳಲು ಅಲ್ಲ.

ಹೊರೆ ಎಲ್ಲಿರಬೇಕು

ನೇಕೆಡ್ ಬೈಕಿನ ಬಾಲ ಚಿಕ್ಕದು, ಮೇಲಕ್ಕೆ ಎದ್ದಿರುತ್ತದೆ. ಅಲ್ಲಿ ದೊಡ್ಡ ಬ್ಯಾಗು ಕಟ್ಟಿದರೆ ಭಾರ ಹಿಂದಿನ ಚಕ್ರದ ಅಚ್ಚಿನ ಆಚೆಗೆ ಹೋಗುತ್ತದೆ. ಮುಂದಿನ ಚಕ್ರ ಹಗುರವಾಗಿ ವೇಗದಲ್ಲಿ ಹ್ಯಾಂಡಲ್ ತೂಗಾಡುತ್ತದೆ. ನಿಯಮ ಇಷ್ಟೇ: ಭಾರದ ಸಾಮಾನು ಕೆಳಗೆ ಮತ್ತು ಸವಾರನ ಹತ್ತಿರ, ಹಗುರವಾದದ್ದು ಮೇಲೆ ಮತ್ತು ಹಿಂದೆ. ಟೂಲು, ಟ್ಯೂಬು, ನೀರು ಟ್ಯಾಂಕ್ ಬ್ಯಾಗಿನಲ್ಲಿ ಅಥವಾ ಎರಡು ಬದಿಯ ಸ್ಯಾಡಲ್ ಬ್ಯಾಗುಗಳಲ್ಲಿ ಸಮವಾಗಿರಲಿ. ಬಟ್ಟೆ, ರೇನ್‌ಕೋಟು ಹಿಂದಿನ ಬ್ಯಾಗಿನಲ್ಲಿ. ಬೆನ್ನಿಗೆ ಏನೂ ಬೇಡ. ಲ್ಯಾಪ್‌ಟಾಪ್ ಬ್ಯಾಗು ಹೊತ್ತು ಹೊರಡುವ ಐಟಿ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕು.

ಕೊಕ್ಕೆಯ ರಬ್ಬರ್ ಹಗ್ಗ ನಂಬಬೇಡಿ. ಅದು ಹಿಗ್ಗುತ್ತದೆ, ಬ್ಯಾಗು ಜಾರುತ್ತದೆ, ಬಿಚ್ಚಿಕೊಂಡ ಕೊಕ್ಕೆ ಚಕ್ರಕ್ಕೆ ಸಿಕ್ಕಿದರೆ ಚಕ್ರವೇ ನಿಲ್ಲುತ್ತದೆ. ಬಕಲ್ ಇರುವ ನೈಲಾನ್ ಪಟ್ಟಿ ಬಳಸಿ, ಉಳಿದ ತುದಿಯನ್ನು ಸುತ್ತಿ ಸಿಕ್ಕಿಸಿ. ಸ್ಯಾಡಲ್ ಬ್ಯಾಗಿಗೆ ಚಕ್ರವೂ ಸೈಲೆನ್ಸರ್ರೂ ಶತ್ರುಗಳು. ಅಂದಕ್ಕೆಂದು ಸೀರೆಗಾರ್ಡ್ ಬಿಚ್ಚಿಸಿದ ಬೈಕಿನಲ್ಲಿ ಬ್ಯಾಗು ನೇರ ಚಕ್ರದೊಳಗೆ ನುಗ್ಗುತ್ತದೆ. ಹಿಂಬದಿ ಸವಾರರ ರಕ್ಷಣೆಗೆ ಹಿಂದಿನ ಚಕ್ರದ ಅರ್ಧಭಾಗವಾದರೂ ಮುಚ್ಚಿರಬೇಕು, ಹಿಡಿಕೆ ಮತ್ತು ಫುಟ್‌ರೆಸ್ಟ್ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ.

ಹೊರೆ ಏರಿದ ಮೇಲೆ ಶಾಕ್ ಅಬ್ಸಾರ್ಬರ್ ಹಾಗೇ ಬಿಡುವಂತಿಲ್ಲ. ಹಿಂದಿನ ಸ್ಪ್ರಿಂಗಿನ ಬಿಗಿಯನ್ನು ಹಂತಹಂತವಾಗಿ ಏರಿಸುವ ವ್ಯವಸ್ಥೆ ಬಹುತೇಕ ಬೈಕುಗಳಲ್ಲಿದೆ. ಕೊಕ್ಕೆಯಾಕಾರದ ಸ್ಪ್ಯಾನರ್ ಟೂಲ್‌ಕಿಟ್ಟಿನಲ್ಲಿ ಮುಟ್ಟದೆ ಬಿದ್ದಿರುತ್ತದೆ. ಸವಾರ ಮತ್ತು ಲಗೇಜು ಕೂತಾಗ ಹಿಂಭಾಗ ತನ್ನ ಒಟ್ಟು ಚಲನೆಯ ಮೂರನೇ ಒಂದರಷ್ಟು ಮಾತ್ರ ಇಳಿಯಬೇಕು. ಅದಕ್ಕಿಂತ ಹೆಚ್ಚು ಇಳಿದರೆ ಪ್ರತಿ ಗುಂಡಿಯೂ ಬೆನ್ನುಹುರಿಗೆ ತಲುಪುತ್ತದೆ, ಹೆಡ್‌ಲೈಟ್ ಮೇಲೆ ನೋಡಿ ಎದುರಿನವರ ಕಣ್ಣು ಕುಕ್ಕುತ್ತದೆ. ಟಯರಿನ ಗಾಳಿಯನ್ನು ಬೈಕು ತಣ್ಣಗಿರುವಾಗ, ಮ್ಯಾನುಯಲ್‌ನಲ್ಲಿ ಇಬ್ಬರ ಭಾರಕ್ಕೆ ಹೇಳಿದಷ್ಟು ಹಾಕಿಸಿ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್, ಚಿಕ್ಕ ಪಂಪು ಜೊತೆಗಿರಲಿ. ಮನೆಯ ಕೆಳಗೆ ಒಮ್ಮೆ ಹಾಕಿ ಕಲಿತಿರಲಿ.

ಜೋಡಿಯಾಗಿ ಹೋಗುವವರಿಗೆ ಒಂದು ಮಾತು. ನೇಕೆಡ್ ಬೈಕಿನಲ್ಲಿ ಹಿಂದೆ ಕೂರುವವರ ಕಷ್ಟ ಮುಂದಿನವರಿಗಿಂತ ಹೆಚ್ಚು: ಅಂಗೈಯಗಲದ ಸೀಟು, ಎತ್ತರದ ಫುಟ್‌ರೆಸ್ಟ್. ಒರಗು ಇರುವ ಕ್ಯಾರಿಯರ್ ಐಷಾರಾಮವಲ್ಲ, ಅಗತ್ಯ. ಮಗುವನ್ನು ನಡುವೆ ಕೂರಿಸಿಕೊಂಡು ಊರಿಗೆ ಹೊರಡುವ ಯೋಚನೆ ಬೇಡವೇ ಬೇಡ. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್, ಬೆಲ್ಟು ಕಡ್ಡಾಯ, ವೇಗ 40ರ ಮಿತಿ ಎಂಬ ನಿಯಮ 2023ರಿಂದ ಇದೆ. ಮಕ್ಕಳಿಗೆ ರೈಲೇ ಸರಿ.

ಬರುವಾಗಿನ ಹೊರೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಊರಿಂದ ಹೊರಡುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿಕೊಡದ ಅಮ್ಮ ಇನ್ನೂ ಹುಟ್ಟಿಲ್ಲ. ಹಪ್ಪಳ ಇಟ್ಟುಕೊಳ್ಳಿ, ಅಕ್ಕಿ, ಕಾಯಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರಲಿ.

ಬೆಳಕು, ಫೋನು, ಕಾನೂನು

ಫೋನನ್ನು ಹ್ಯಾಂಡಲಿಗೆ ನೇರ ಸಿಕ್ಕಿಸಿದರೆ ಎಂಜಿನ್ನಿನ ನಡುಕದಿಂದ ಕ್ಯಾಮೆರಾದ ಸೂಕ್ಷ್ಮ ಭಾಗ ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ನಡುಕ ಹೀರುವ ಡ್ಯಾಂಪರ್ ಇರುವ ಮೌಂಟ್ ಕೊಳ್ಳಿ, ಅಥವಾ ಫೋನು ಜೇಬಿನಲ್ಲಿಟ್ಟು ದಾರಿಯನ್ನು ಕಿವಿಯಲ್ಲಿ ಕೇಳಿ. ಚಾರ್ಜರ್, ಹೆಚ್ಚಿನ ದೀಪ ಏನೇ ಹಾಕಿಸಿದರೂ ಫ್ಯೂಸ್ ಮತ್ತು ರಿಲೇ ಮೂಲಕ, ಬೈಕಿನ ಮೂಲ ವೈರನ್ನು ಕತ್ತರಿಸದಂತೆ ಹಾಕಿಸಿ. ಕತ್ತರಿಸಿದ ವೈರಿಗೆ ವಾರಂಟಿಯೂ ಹೋಗುತ್ತದೆ, ಮೊದಲ ಮಳೆಯಲ್ಲಿ ಬೈಕೂ ನಿಲ್ಲುತ್ತದೆ. ಹೆಚ್ಚಿನ ದೀಪಗಳನ್ನು ಎದುರಿನವರ ಕಣ್ಣಿಗೆ ಬೀಳದಂತೆ ನೆಲಕ್ಕೆ ತಗ್ಗಿಸಿ, ಪೇಟೆಯಲ್ಲಿ ಆರಿಸಿ. ಇಲ್ಲವಾದರೆ ಪೊಲೀಸರು ಹಿಡಿಯುತ್ತಾರೆ, ಹಿಡಿಯಲೂಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಕಂಪನಿಯ ಮೂಲ ರೂಪಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸೀಟಿಗೆ ಫೋಮು ಸೇರಿಸುವುದು, ಬ್ಯಾಗಿಗೆ ಸ್ಟ್ಯಾಂಡು ಹಾಕುವುದು ಒಂದು. ಎಂಜಿನ್, ಚಾಸಿಸ್ ಬದಲಿಸುವುದು ಇನ್ನೊಂದು. ಅಬ್ಬರದ ಸೈಲೆನ್ಸರ್ ಹಾಕಿಸಿದವರು ದೂರದ ಸವಾರಿಗೆ ಮೊದಲು ಹಳೆಯದನ್ನೇ ಹಾಕಿಸಿಕೊಳ್ಳಲಿ: ದಂಡ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ. ಹೆಲ್ಮೆಟ್ ಐಎಸ್‌ಐ ಗುರುತಿನದೇ ಆಗಬೇಕು. 2021ರ ಜೂನ್‌ನಿಂದ ಬೇರೆಯದನ್ನು ಮಾರುವುದೇ ಅಪರಾಧ.

ದಾರಿಗೆ ತಕ್ಕ ಬೈಕು

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ. 2024ರಲ್ಲಿ ತೆರೆದ ಅಟಲ್ ಸೇತುವಿನಲ್ಲೂ ಇಲ್ಲ. ಕರ್ನಾಟಕದ ಕಡೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್‌ನಿಂದ ಇಲ್ಲ. ಆದ್ದರಿಂದ ಪುಣೆಯ ಕಡೆ ಹೋಗಲು ನಮಗೆ ಪನವೇಲ್, ಖೋಪೋಲಿ, ಖಂಡಾಲಾದ ಹಳೆಯ ದಾರಿಯೇ ಗತಿ. ಪನವೇಲ್ ದಾಟಿ ಪಳಸ್ಪೆಯಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ಹೆದ್ದಾರಿ 66: ಮಹಾಡ್, ಚಿಪಳೂಣ್, ಗೋವಾ, ಕಾರವಾರ. ನೋಟ ಚೆನ್ನ, ಆದರೆ ಮಹಾರಾಷ್ಟ್ರದ ಭಾಗದಲ್ಲಿ ಅಗಲೀಕರಣ ಒಂದು ದಶಕಕ್ಕೂ ಮೀರಿ ಎಳೆದಿದೆ. ನೇರ ಹೋದರೆ ಹೆದ್ದಾರಿ 48: ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲು ಘಾಟಿ ಇಳಿದು ಅಂಕೋಲೆ. ಮೊದಲ ಸಲದವರಿಗೆ ಎರಡನೆಯದೇ ಒಳ್ಳೆಯದು. ಬೆಳಗಾವಿ ಹೆಚ್ಚುಕಮ್ಮಿ ಅರ್ಧದಾರಿ. ಅಲ್ಲಿ ರಾತ್ರಿ ತಂಗಿ, ಚೈನು ಬಿಸಿ ಇರುವಾಗಲೇ ಒರೆಸಿ ಎಣ್ಣೆ ಬಿಡಿ. ಐನೂರು ಕಿಲೋಮೀಟರಿಗೊಮ್ಮೆ ಚೈನಿಗೆ ಎಣ್ಣೆ ಬೇಕೇ ಬೇಕು.

ಮಳೆಗಾಲದಲ್ಲಿ ಕರಾವಳಿ ದಾರಿ ಬೇರೆಯದೇ ಮಾತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೇ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಗಾಜು, ಯಾವ ಸೀಟೂ ಆ ದಾರಿಯನ್ನು ಸುಖವಾಗಿಸುವುದಿಲ್ಲ. ಹೋಗಲೇಬೇಕಾದರೆ ಜಾಕೆಟ್ಟಿನ ಒಳಗಿನ ಲೈನರ್ ನಂಬದೆ ಮೇಲೆ ಹಾಕುವ ರೇನ್‌ಸೂಟ್ ಕೊಳ್ಳಿ; ಜಾಕೆಟ್ಟೇ ನೆನೆದರೆ ಎರಡು ದಿನ ಒಣಗುವುದಿಲ್ಲ.

13 ಲೀಟರಿನ ಟ್ಯಾಂಕಿಗೆ ಮುನ್ನೂರರಾಚೆ ಓಡುವ ಶಕ್ತಿಯಿದ್ದರೂ ಇನ್ನೂರೈವತ್ತಕ್ಕೆ ಪೆಟ್ರೋಲ್ ಹಾಕಿಸಿ. ಒಂದೂವರೆ ಗಂಟೆಗೊಮ್ಮೆ ಇಳಿದು ನಡೆದಾಡಿ, ನೀರು ಕುಡಿಯಿರಿ. ಬೆಳಗಿನ ಐದಕ್ಕೆ ಮೊದಲು ಹೊರಟರೆ ಶೀಲ್‌ಫಾಟಾ, ಕಳಂಬೋಲಿಯ ಕಂಟೇನರುಗಳ ಕಾಟ ಕಡಿಮೆ. ಕತ್ತಲಾದ ಮೇಲೆ ಘಾಟಿ ಇಳಿಯುವ ಹಟ ಬೇಡ. ಒಂದು ಕಡೆಗೆ ಮಾತ್ರ ಓಡಿಸುವ ಮನಸ್ಸಿದ್ದರೆ ಬೈಕನ್ನು ರೈಲಿನ ಪಾರ್ಸೆಲ್ಲಿನಲ್ಲಿ ಕಳಿಸಬಹುದು. ಟ್ಯಾಂಕು ಖಾಲಿ ಮಾಡಿ, ಆರ್‌ಸಿ ಪ್ರತಿ ಜೊತೆಗಿಟ್ಟು, ಗೋಣಿಯಲ್ಲಿ ಸುತ್ತಿಸಿ ಕೊಡಬೇಕು.

ಯಾವುದಕ್ಕೆ ಮೊದಲು ದುಡ್ಡು ಎಂದು ಕೇಳಿದರೆ ನನ್ನ ಉತ್ತರ ಹೀಗೆ: ಮೊದಲು ಒಳ್ಳೆಯ ಹೆಲ್ಮೆಟ್, ಜಾಕೆಟ್, ಬೂಟು, ಎರಡನೆಯದು ಟಯರು, ಚೈನು, ಬ್ರೇಕ್ ಪ್ಯಾಡು, ಮೂರನೆಯದು ಸೀಟು, ನಾಲ್ಕನೆಯದು ಗಾಜು, ಕೊನೆಗೆ ಬ್ಯಾಗು, ದೀಪ. ಅಂಗಡಿಯವರು ಈ ಪಟ್ಟಿಯನ್ನು ತಲೆಕೆಳಗಾಗಿ ಹೇಳುತ್ತಾರೆ. ಲಾಭ ಇರುವುದು ಆ ತುದಿಯಲ್ಲಿ.

ಈ ಹಬ್ಬಕ್ಕೆ ಬೈಕಿನಲ್ಲೇ ಹೋಗುವುದೆಂದು ನಿಶ್ಚಯಿಸಿದವರು ಅಂಗಡಿಗೆ ಹೋಗುವ ಮೊದಲು ಒಂದು ಭಾನುವಾರ ಕಲ್ಯಾಣದಿಂದ ಮುರಬಾಡ್ ಮೂಲಕ ಮಾಳ್ಶೇಜ್ ಘಾಟಿಗೆ, ಅಥವಾ ಥಾಣೆಯಿಂದ ಕಸಾರಾ ಘಾಟಿಗೆ, ಪೂರ್ತಿ ಲಗೇಜು ಕಟ್ಟಿಕೊಂಡು ಹೋಗಿಬನ್ನಿ. ಎರಡೂ ದಾರಿ ಹೋಗಿಬರಲು ಇನ್ನೂರು ಕಿಲೋಮೀಟರಿನ ಆಸುಪಾಸು. ಮನೆಗೆ ಬಂದ ಕೂಡಲೇ ಮೈಯ ಯಾವ ಭಾಗ ನೋಯುತ್ತಿದೆ ಎಂದು ಚೀಟಿಯಲ್ಲಿ ಬರೆಯಿರಿ. ಅದೊಂದನ್ನು ಸರಿಮಾಡಿಸಿ, ಇನ್ನೊಂದು ಭಾನುವಾರ ಮತ್ತೆ ಹೋಗಿ. ಒಂದೇ ಸಲ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ಚೀಟಿಯಲ್ಲಿ ಬರೆಯಲು ಏನೂ ಉಳಿಯದ ದಿನ ಅಮ್ಮನಿಗೆ ಫೋನು ಮಾಡಿ, ಹೊರಡುವ ತಾರೀಖು ಹೇಳಿ.